ನೀರೊಳಗಿನ ನಾಟಿ

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ದಾರಿಯಲ್ಲಿ ಸಿಗುವ ಹೆಬ್ಬೂರು ಸೀಮೆಯಲ್ಲಿ ಬೋರ್‌ವೆಲ್ ನೀರಿನ ಮೇಲೆ ಅಡುಗೆಮನೆಯವರ ದೂರು ಹಳೆಯದು: ಈ ನೀರಲ್ಲಿ ಬೇಳೆ ಬೇಯುವುದಿಲ್ಲ. ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ, ಎಷ್ಟು ತಿಕ್ಕಿದರೂ ಸೋಪು ನೊರೆ ಕೊಡುವುದಿಲ್ಲ, ಗೀಸರಿನ ಕಾಯಿಲ್ ಬಾಳಿಕೆ ಬರುವುದಿಲ್ಲ. ಇದೇ ಗಡಸು ನೀರನ್ನು ಎರಡಡಿ ಉದ್ದದ ಗಾಜಿನ ತೊಟ್ಟಿಗೆ ತುಂಬಿ, ತಳಕ್ಕೆ ಮರಳು ಹರಡಿ, ವ್ಯಾಲಿಸ್ನೇರಿಯ ಎಂಬ ಪಟ್ಟಿಯೆಲೆಯ ಗಿಡ ನೆಟ್ಟು ನೋಡಿ. ಮೊದಲ ಕೆಲವು ವಾರ ಮುನಿಸಿಕೊಂಡಂತಿದ್ದು, ಆಮೇಲೆ ಹಂಬು ಬಿಟ್ಟು, ಮರಿ ಹಾಕಿ, ತೊಟ್ಟಿಯ ಹಿಂಬದಿಯನ್ನೆಲ್ಲ ಮುಚ್ಚುತ್ತದೆ. ಬೇಳೆಗೆ ಒಗ್ಗದ ನೀರು ಈ ಗಿಡಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹಾಗಿದ್ದೂ ಮೀನಿನ ತೊಟ್ಟಿ ಇಟ್ಟ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ ಗಿಡ. ಯಾಕೆ ಎಂದರೆ ಉತ್ತರ ಸಿದ್ಧವಿರುತ್ತದೆ. "ನಿಜವಾದ್ದೇ ಹಾಕಿದ್ವಿ ಸಾರ್, ಬೆಳಗಾಗೋಷ್ಟರಲ್ಲಿ ಎಲ್ಲಾ ಮೇಲೆ ತೇಲ್ತಿತ್ತು. ತಿರ್ಗಾ ನೆಟ್ವಿ, ವಾರಕ್ಕೆ ಕೊಳ್ತೋಯ್ತು." ಈ ದೂರು ಹೊತ್ತು ಅಂಗಡಿಗೆ ಹೋದವರ ಕೈಗೆ ಒಂದು ಬಾಟಲಿ ದ್ರವಗೊಬ್ಬರ ಬರುತ್ತದೆ, ಜೊತೆಗೆ ಇನ್ನೊಂದು ಕಟ್ಟು ಗಿಡ. ತೇಲುವುದಕ್ಕೂ ಕೊಳೆಯುವುದಕ್ಕೂ ಬಾಟಲಿಯಲ್ಲಿ ಮದ್ದಿಲ್ಲ. ಗಿಡ ಮೊದಲು ಎಲ್ಲಿತ್ತು, ಯಾವುದನ್ನು ಹಿಡಿದುಕೊಂಡು ಬದುಕಿತ್ತು ಎಂದು ವಿಚಾರಿಸದೆ ನೆಟ್ಟದ್ದೇ ಬಹುತೇಕ ಸಲ ಕಾರಣ. ನೀರಿನ ಗಿಡಗಳಲ್ಲಿ ಕೆಲವು ಕೆಸರಿಗೆ ಬೇರು ಇಳಿಸಿದವು, ಕೆಲವು ತೊರೆಯ ಬಂಡೆಗೆ ಕಚ್ಚಿಕೊಂಡವು, ಕೆಲವಕ್ಕೆ ಬೇರೇ ಇಲ್ಲ. ಎಲ್ಲವನ್ನೂ ಒಂದೇ ತೆರನಾಗಿ ಮರಳಿಗೆ ಚುಚ್ಚುವವರ ತೊಟ್ಟಿಯಲ್ಲಿ ಕೊನೆಗೆ ಉಳಿಯುವುದು ಪ್ಲಾಸ್ಟಿಕ್ಕೇ.

ಗಾಜಿನ ತೊಟ್ಟಿಯ ಚರಿತ್ರೆ ಶುರುವಾಗುವುದೇ ವ್ಯಾಲಿಸ್ನೇರಿಯದಿಂದ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು ಬಿಟ್ಟು, ನೀರು ಬದಲಿಸದೆಯೇ ಅವು ಬದುಕುತ್ತವೆಯೇ ಎಂದು ನೋಡಹೊರಟ. ಮೀನು ಉಸಿರಾಡಿ ಕೆಡಿಸಿದ ನೀರನ್ನು ಗಿಡ ಸರಿಮಾಡಬೇಕು ಎಂಬುದು ಅವನ ಎಣಿಕೆ. ಆರಿಸಿಕೊಂಡ ಗಿಡ ವ್ಯಾಲಿಸ್ನೇರಿಯ. ಅದರ ಬೇರನ್ನು ಕೆಸರು ಬೆರೆತ ಮರಳಿನೊಳಗೆ ಸೇರಿಸಿ, ಮೇಲೆದ್ದು ಬರದಿರಲೆಂದು ಕಲ್ಲೊಂದನ್ನು ಹೇರಿದ. ಹಳೆಯ ಎಲೆಗಳು ಕೊಳೆತು ನೀರು ಕದಡತೊಡಗಿದಾಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆ ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದವು. 1850ರಲ್ಲಿ ಅವನು ಪ್ರಕಟಿಸಿದ ಈ ಪ್ರಯೋಗವನ್ನು ಅಕ್ವೇರಿಯಂ ಬಲ್ಲವರೆಲ್ಲ ಈಗಲೂ ನೆನೆಯುತ್ತಾರೆ. ಗಿಡ, ಮೀನು, ಬಸವನಹುಳು ಮೂರನ್ನೂ ನೆನೆದು, ಆ ಕಲ್ಲನ್ನು ಮಾತ್ರ ಮರೆತುಬಿಡುತ್ತಾರೆ. ಕಲ್ಲಿಲ್ಲದಿದ್ದರೆ ಅವನ ಗಿಡವೂ ಬೆಳಗಾಗುವಷ್ಟರಲ್ಲಿ ತೇಲುತ್ತಿತ್ತು.

ವ್ಯಾಲಿಸ್ನೇರಿಯ ಲಂಡನ್ನಿನಿಂದ ನಮಗೆ ಬಂದದ್ದಲ್ಲ. ನಮ್ಮ ನಾಡಿನ ಕೆರೆ, ಕಾಲುವೆಗಳಲ್ಲೂ ಅದು ತಾನಾಗಿ ಬೆಳೆಯುತ್ತದೆ. ನೋಡಿದವರು 'ಪಾಚಿ' ಎಂದು ಕಾಲಿನಿಂದ ಸರಿಸಿ ಮುಂದೆ ಹೋಗುತ್ತಾರೆ, ಅಷ್ಟೆ. ಅದರ ಪರಾಗಸ್ಪರ್ಶ ಮಾತ್ರ ಒಮ್ಮೆ ಕಣ್ಣಾರೆ ನೋಡಬೇಕಾದದ್ದು. ಗಂಡು ಹೂಗಳು ನೀರಿನಡಿ ಬುಡದಲ್ಲೇ ಕಳಚಿಕೊಂಡು, ಸಾಸಿವೆಗಿಂತ ಚಿಕ್ಕ ಗುಳ್ಳೆಗಳಾಗಿ ಮೇಲೆ ಬಂದು ತೇಲುತ್ತವೆ. ಹೆಣ್ಣು ಹೂವು ಸುರುಳಿ ತೊಟ್ಟನ್ನು ಬಿಚ್ಚುತ್ತ ಮೇಲಕ್ಕೆ ಬಂದು ಅವನ್ನು ಸಂಧಿಸಿ, ಕೆಲಸ ಮುಗಿದ ಮೇಲೆ ತೊಟ್ಟು ಮತ್ತೆ ಸುರುಳಿ ಸುತ್ತಿಕೊಂಡು ಕಾಯನ್ನು ಕೆಳಗೆಳೆದುಕೊಳ್ಳುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಆಲಿಕೆಯ ಅಡಿ ಸಿಕ್ಕಿಕೊಂಡು ಗುಳ್ಳೆ ಬಿಡುತ್ತಿದ್ದ ಹೈಡ್ರಿಲ್ಲಾ ಇದರದೇ ಬಳಗದ್ದು. ಆ ಬೀಕರಿಗೆ ಮೇಷ್ಟ್ರು ಒಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದುದು ನೆನಪಿರಬಹುದು. ಗಿಡಕ್ಕೆ ಬೇಕಾದ ಇಂಗಾಲ ಸೋಡಾದ ಬೈಕಾರ್ಬನೇಟಿನಿಂದಲೂ ದಕ್ಕುತ್ತದೆ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಮುಳುಗಿ ಬದುಕುವ ಗಿಡಗಳಿಗೆ ಇದೇ ದೊಡ್ಡ ಕೊರತೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯ ಎರಡೂ ಬೈಕಾರ್ಬನೇಟನ್ನೇ ಒಡೆದು ಇಂಗಾಲ ಪಡೆಯಬಲ್ಲವು. ಗಡಸು ನೀರೆಂದರೆ ಬೈಕಾರ್ಬನೇಟಿನ ಕಣಜ. ಹೆಬ್ಬೂರಿನ ನೀರು ಈ ಗಿಡಕ್ಕೆ ಒಗ್ಗುವುದರ ಹಿಂದಿನ ಲೆಕ್ಕ ಇದು.

ಕೆರೆಯಂಗಳದ ಗಿಡಗಳು

ಮಲೆನಾಡಿನ ಹೊಳೆ ವರ್ಷವಿಡೀ ಹರಿಯಬಹುದು, ಬಯಲುಸೀಮೆಯ ಕೆರೆ ಹಾಗಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಡಿ ಬೀಳುವ ಕೆರೆ ಬೇಸಿಗೆಗೆ ತೂಬಿನ ಮಟ್ಟಕ್ಕಿಳಿದು, ಏಪ್ರಿಲ್‌ನಲ್ಲಿ ದನ ಮೇಯುವ ಬಯಲಾಗುತ್ತದೆ. ಇಂಥ ಕೆರೆಯ ಅಂಚಿನಲ್ಲಿ ಬಾಳುವ ಗಿಡಕ್ಕೆ ಎರಡು ಬದುಕು ಗೊತ್ತಿರಬೇಕು. ನೀರು ಏರಿದಾಗ ಮುಳುಗಿ ಬೆಳೆಯುವುದು ಒಂದು, ಇಳಿದಾಗ ನೆಲದ ಮೇಲೆ ನಿಂತು ಹೂಬಿಡುವುದು ಇನ್ನೊಂದು. ನೀರುಬ್ರಾಹ್ಮಿ, ರೊಟಾಲ, ಲಿಮ್ನೋಫಿಲ, ಹೈಗ್ರೋಫಿಲದ ಹಲವು ಜಾತಿಗಳು ಹೀಗೆ ಬದುಕುವಂಥವು. ಭತ್ತದ ಗದ್ದೆಯಲ್ಲಿ ಕಳೆಯೆಂದು ಕಿತ್ತು ಬದುವಿಗೆ ಎಸೆಯುವ ರೊಟಾಲದ ಸೋದರ ಜಾತಿಗಳು ಬೆಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ಕಟ್ಟಿನ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಇನ್ನೂ ಸ್ವಾರಸ್ಯದ ಕತೆ ಲ್ಯಾಜೆನಾಂಡ್ರ ಮೀಬೋಲ್ಡಿಯದು. ಕರ್ನಾಟಕ, ಕೇರಳದ ಘಟ್ಟದ ತೊರೆಗಳಂಚಿನ ಈ ಗಿಡಕ್ಕೆ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತ ಸುತ್ತಿ ಗಿಡ ಕೂಡಿಟ್ಟ ಜರ್ಮನ್ ಸಸ್ಯತಜ್ಞ ಆಲ್‌ಫ್ರೆಡ್ ಮೀಬೋಲ್ಡ್‌ನಿಂದ. ಅದರ ಕೆಂಪೆಲೆಯ ತಳಿ ಈಗ ಯುರೋಪಿನ ನರ್ಸರಿಗಳ ಬೆಲೆಪಟ್ಟಿಯಲ್ಲಿದೆ.

ಎರಡು ಬದುಕಿನ ಈ ಗುಣದಿಂದಲೇ ಇವು ತೊಟ್ಟಿಗೆ ಬಂದವು, ಹೊಸಬರನ್ನು ಹೆದರಿಸುವುದೂ ಇದೇ ಗುಣ. ನರ್ಸರಿಯವರು ಇಂಥ ಗಿಡಗಳನ್ನು ನೀರಿನೊಳಗೆ ಬೆಳೆಸುವುದಿಲ್ಲ. ತೇವದ ಮನೆಯಲ್ಲಿ, ಬೇರು ಮಾತ್ರ ನೀರಿನಲ್ಲಿರುವಂತೆ ಗಾಳಿಯಲ್ಲೇ ಬೆಳೆಸುತ್ತಾರೆ. ಬೆಳವಣಿಗೆ ಬೇಗ, ಪಾಚಿಯ ಕಾಟವಿಲ್ಲ, ಬಸವನಹುಳು ಸೇರುವುದಿಲ್ಲ. ಗಾಳಿಯಲ್ಲಿ ಮೂಡಿದ ಎಲೆಗೆ ಮೇಣದ ಪದರವಿರುತ್ತದೆ, ಪತ್ರರಂಧ್ರಗಳಿರುತ್ತವೆ. ಅದನ್ನು ಒಂದೇ ಸಲಕ್ಕೆ ಮುಳುಗಿಸಿದರೆ ಎಲೆ ಕೆಲಸಕ್ಕೆ ಬಾರದಾಗಿ ಕರಗುತ್ತದೆ. ಗಿಡ ಸಾಯುತ್ತಿಲ್ಲ, ಎಲೆ ಬದಲಿಸುತ್ತಿದೆ. ತುದಿಯಲ್ಲಿ ತೆಳ್ಳಗಿನ, ಕಿರಿದಾದ ಹೊಸ ಎಲೆ ಮೂಡುತ್ತಿದೆಯೇ ನೋಡಬೇಕು. ಮೂಡುತ್ತಿದ್ದರೆ ಕರಗಿದ ಹಳೆಯ ಎಲೆಗಳನ್ನು ಕತ್ತರಿಸಿ ತೆಗೆದು ಸುಮ್ಮನಿರಬೇಕು. ಈ ಹೊತ್ತಿನಲ್ಲಿ ಮನುಷ್ಯ ಮಾಡುವ ಅತಿ ಕೆಟ್ಟ ಕೆಲಸ ಗಿಡವನ್ನು ಕಿತ್ತು ಬೇರು ಬಂದಿದೆಯೇ ಎಂದು ನೋಡುವುದು.

ಭತ್ತ ನಾಟಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಟ್ಲಿನಿಂದ ಕಿತ್ತು ಕೆಸರುಗದ್ದೆಗೆ ಇಟ್ಟ ಪೈರು ಮೊದಲ ವಾರ ಹಳದಿಯಾಗಿ ಬಾಗುತ್ತದೆ, ಬೇರು ಕಚ್ಚಿದ ಮೇಲೆ ತಲೆ ಎತ್ತುತ್ತದೆ. ಆಳಕ್ಕೆ ನೆಟ್ಟ ಪೈರು ತೆಂಡೆ ಒಡೆಯುವುದು ತಡ ಎಂಬುದೂ, ಕೆಸರು ತೀರ ತೆಳುವಾಗಿದ್ದರೆ ಪೈರು ತೇಲುತ್ತದೆ ಎಂಬುದೂ ಅವರಿಗೆ ಗೊತ್ತು. ಹೇಮಾವತಿ ನೀರು ಬರುವುದಕ್ಕೆ ಮೊದಲು ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದ ಅಜ್ಜಿಯೊಬ್ಬರನ್ನು ತೊಟ್ಟಿಯ ಮುಂದೆ ಕೂರಿಸಿ ಗಿಡ ಕೈಗೆ ಕೊಟ್ಟರೆ, ಯೂಟ್ಯೂಬು ನೋಡಿ ಕಲಿತ ಮೊಮ್ಮಗನಿಗಿಂತ ಚೆನ್ನಾಗಿ ನೆಡುತ್ತಾರೆ ಎಂಬುದು ನನ್ನ ನಂಬಿಕೆ. ಇದು ಉತ್ಪ್ರೇಕ್ಷೆಯೂ ಅಲ್ಲ. ಗಿಡತೊಟ್ಟಿಯನ್ನು ಕಲೆಯ ಮಟ್ಟಕ್ಕೆ ಏರಿಸಿದ ಜಪಾನಿನ ತಕಾಶಿ ಅಮಾನೊ (1954–2015) ಹುಟ್ಟಿ ಬೆಳೆದದ್ದು ಭತ್ತಕ್ಕೆ ಹೆಸರಾದ ನೀಗಾಟ ಸೀಮೆಯಲ್ಲಿ. ಲಿಸ್ಬನ್‌ನ ಅಕ್ವೇರಿಯಂನಲ್ಲಿ 40 ಮೀಟರ್ ಉದ್ದದ ನೀರೊಳಗಿನ ಕಾಡನ್ನು ಕಟ್ಟಿದ್ದು ಅವರ ಕೊನೆಯ ದೊಡ್ಡ ಕೆಲಸ.

ಮರಳು, ಗೋಡು, ಬೆಣಚುಕಲ್ಲು

ಗಿಡಕ್ಕೆ ಹಿಡಿತ ಕೊಡುವುದು ತಳ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ದಪ್ಪ ಗೋಲಿಕಲ್ಲುಗಳಲ್ಲಿ ಯಾವ ಬೇರೂ ನಿಲ್ಲುವುದಿಲ್ಲ. ಕಲ್ಲಿನ ನಡುವಿನ ಸಂದಿಗೆ ಮೀನಿನ ಹೇಲು, ಉಳಿದ ಆಹಾರ ಇಳಿದು ಕೊಳೆಯುತ್ತವೆ. ತೀರ ನುಣ್ಣನೆಯ ಮರಳೂ ಒಳ್ಳೆಯದಲ್ಲ. ಒತ್ತಿಕೊಂಡು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತದೆ. ಒಂದರಿಂದ ಮೂರು ಮಿಲಿಮೀಟರ್ ಗಾತ್ರದ ಕಾಳುಮರಳು ಸರಿ. ಹೊಳೆಮರಳು ಎತ್ತುವುದಕ್ಕೆ ಈಗ ನಿರ್ಬಂಧ, ಎಲ್ಲೆಲ್ಲೂ ಎಂ-ಸ್ಯಾಂಡ್. ಮನೆ ಕಟ್ಟುವವರ ಬಳಿ ಅದು ಒಂದು ಬಾಂಡ್ಲಿ ಸಿಗುವುದೇನೂ ಕಷ್ಟವಲ್ಲ. ಕಲ್ಲುಪುಡಿಯನ್ನು ಜರಡಿ ಹಿಡಿದು ತೆಗೆದು, ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದರೆ ಎಂ-ಸ್ಯಾಂಡ್ ಕೂಡ ಆದೀತು. ಮೂಲತಃ ಅದು ಗ್ರಾನೈಟ್ ಒಡೆದ ಹರಳು, ನೀರಿನ ಗುಣವನ್ನು ಬದಲಿಸುವುದಿಲ್ಲ. ಹರಳಿನ ಅಂಚು ಮಾತ್ರ ಚೂಪು, ತಳ ಕೆದಕುವ ಮೀನುಗಳ ಮೀಸೆಗೆ ಕೇಡು. ಅಂಥ ಮೀನು ಸಾಕುವವರು ಹೊಳೆಮರಳನ್ನೇ ಹುಡುಕಬೇಕು.

ರಾಮನಗರದಿಂದ ಮಾಗಡಿ, ತುಮಕೂರುಗಳನ್ನು ಹಾದು ಉತ್ತರಕ್ಕೆ ಹೋಗುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಈ ಭಾಗದ ನೆಲದ ಬೆನ್ನೆಲುಬು. ಹೊಲದ ಬದುವಿನಲ್ಲಿ ಸಿಗುವ ಕಗ್ಗಲ್ಲು, ಬಿಳಿ ಬೆಣಚುಕಲ್ಲು ಎರಡನ್ನೂ ಧೈರ್ಯವಾಗಿ ತೊಟ್ಟಿಗೆ ಇಡಬಹುದು. ಸುಣ್ಣದ ಕಲ್ಲನ್ನು ಮಾತ್ರ ನೋಡಿಕೊಳ್ಳಬೇಕು. ತುಮಕೂರು ಜಿಲ್ಲೆಯಲ್ಲಿ ಅದಕ್ಕೂ ಬರವಿಲ್ಲ, ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದೇ ಸುಣ್ಣದ ಕಲ್ಲನ್ನು ನಂಬಿಕೊಂಡು. ಮೊದಲೇ ಗಡಸಾದ ನೀರಿಗೆ ಇನ್ನಷ್ಟು ಸುಣ್ಣ ಯಾಕೆ? ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಟ್ಟರೆ ಗೊತ್ತಾಗುತ್ತದೆ. ನೊರೆ ಎದ್ದರೆ ಅದು ಸುಣ್ಣದ್ದು, ಬದುವಿಗೇ ವಾಪಸ್.

ಮರಳಿನಲ್ಲಿ ಹಿಡಿತವಿದೆ, ಊಟವಿಲ್ಲ. ಅದಕ್ಕೆ ಪೇಟೆಯಲ್ಲಿ ಜಪಾನಿನಿಂದ ಬಂದ ಸುಟ್ಟ ಮಣ್ಣಿನ ಗುಳಿಗೆಗಳ ಚೀಲ ಸಿಗುತ್ತದೆ. ಬೆಲೆ ಕೇಳಿದವರು ಹಿಂದಿರುಗುತ್ತಾರೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೇರೆ ದಾರಿ ತೋರಿಸಿದರು: ಕೆಳಗೆ ತೆಳುವಾಗಿ ಸಾಧಾರಣ ಮಣ್ಣು, ಅದರ ಮೇಲೆ ಮರಳಿನ ಹೊದಿಕೆ. ನಮ್ಮಲ್ಲಿ ಈ ಸಾಧಾರಣ ಮಣ್ಣಿಗೆ ಕೆರೆಗೋಡಿಗಿಂತ ಹೊಂದುವ ವಸ್ತು ಬೇರೊಂದಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಹೊಡೆಸುವ ಗೋಡು ನೀರಿನಡಿಯಲ್ಲೇ ಹದವಾದ ಮಣ್ಣು. ಅದನ್ನು ಬಿಸಿಲಿಗೆ ಒಣಗಿಸಿ, ಕಲ್ಲು, ಬೇರು, ಪ್ಲಾಸ್ಟಿಕ್ ಆರಿಸಿ, ನೆನೆಸಿ ಮತ್ತೆ ಒಣಗಿಸಿ, ಜರಡಿ ಹಿಡಿದು ಒಂದು ಅಂಗುಲ ಹರಡಿದರೆ ಸಾಕು. ಒಂದು ಹಿಡಿ ಕೆಮ್ಮಣ್ಣು ಬೆರೆಸಿದರೆ ಇನ್ನೂ ಮೇಲು. ಕೆಮ್ಮಣ್ಣಿನ ಕೆಂಪು ಕಬ್ಬಿಣದ್ದು. ಗಾಳಿಯಾಡದ ಕೆಸರಿನಲ್ಲಿ ಆ ಕಬ್ಬಿಣ ಕರಗುವ ರೂಪಕ್ಕೆ ತಿರುಗಿ ಬೇರಿಗೆ ದಕ್ಕುತ್ತದೆ. ಮೇಲೆ ಒಂದೂವರೆ ಅಂಗುಲ ಮರಳು. ಕೊಟ್ಟಿಗೆ ಗೊಬ್ಬರ, ಯೂರಿಯಾ ಎರಡೂ ಬೇಡ, ನೀರಿನಲ್ಲಿ ಅಮೋನಿಯ ಏರಿ ಮೀನು ಸಾಯುತ್ತವೆ. ಔಷಧಿ ಹೊಡೆದ ಹೊಲದ ಮಣ್ಣೂ ಬೇಡ. ಮಣ್ಣಿನ ಪದರ ಎರಡು ಅಂಗುಲ ದಾಟಿದರೆ ತಳದಲ್ಲಿ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಬೇರು ಸುಡುತ್ತದೆ.

ಮಣ್ಣು ಮರಳಿನ ರಗಳೆಯೇ ಬೇಡ ಎನ್ನುವವರಿಗೆ ಕುಂಬಾರರ ಕುಡಿಕೆ ಇದೆ. ಒಳಗೆ ಗೋಡು, ಗಿಡ, ಮೇಲೆ ಮರಳು, ಅದರ ಮೇಲೆ ಬುಡದ ಸುತ್ತ ನಾಲ್ಕು ಬೆಣಚುಕಲ್ಲು. ಕುಡಿಕೆಗೆ ಬಣ್ಣ ಬಳಿದಿರಬಾರದು. ಗಿಡ ಸೊರಗಿದರೆ ತೊಟ್ಟಿಯನ್ನೆಲ್ಲ ಕಲಕದೆ ಕುಡಿಕೆಯೊಂದನ್ನೇ ಎತ್ತಬಹುದು. ಮೊದಲ ಸಲ ನೆಡುವವರು ಹೀಗೇ ಆರಂಭಿಸಲಿ ಎಂಬುದು ನನ್ನ ಸಲಹೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ನಿಜ.

ನೆಡುವ ಕೈ

ಖಾಲಿ ತೊಟ್ಟಿಯಲ್ಲಿ, ಇಲ್ಲವೇ ಗೇಣುದ್ದಕ್ಕಿಂತ ಕಡಿಮೆ ನೀರಿನಲ್ಲಿ ನೆಡುವುದು ಒಳ್ಳೆಯದು. ತುಂಬಿದ ತೊಟ್ಟಿಯಲ್ಲಿ ಕೈ ಮೊಣಕೈವರೆಗೆ ಇಳಿದರೆ ಒಂದು ನೆಡುವಷ್ಟರಲ್ಲಿ ಪಕ್ಕದ್ದು ಎದ್ದಿರುತ್ತದೆ. ಮರಳು ಪೂರ್ತಿ ಒದ್ದೆಯಾಗಿರಬೇಕು. ಒಣಮರಳಿನಲ್ಲಿ ಮಾಡಿದ ಗುಳಿ ನಿಲ್ಲುವುದಿಲ್ಲ, ಗಿಡ ಬಾಡುವುದೂ ಬೇಗ. ಕೆಲಸ ಮುಗಿಯುವವರೆಗೆ ಎಲೆಗಳ ಮೇಲೆ ನೀರು ಚಿಮುಕಿಸುತ್ತಿರಬೇಕು. ತಂದ ಗಿಡದ ಬುಡಕ್ಕೆ ಸುತ್ತಿದ ಸೀಸದ ಪಟ್ಟಿ, ರಬ್ಬರ್‌ಬ್ಯಾಂಡು, ಬೇರಿನ ಸುತ್ತ ಗೂಡುಕಟ್ಟಿದ ರಾಕ್‌ವೂಲ್ ಎಲ್ಲವನ್ನೂ ಬಿಡಿಸಬೇಕು. ಅಂಗಾಂಶ ಕೃಷಿಯ ಡಬ್ಬಿಯಲ್ಲಿ ಬಂದದ್ದಾದರೆ ಬೇರಿಗೆ ಅಂಟಿದ ಲೋಳೆಯನ್ನು ನೀರಿನಲ್ಲಿ ತೊಳೆಯಬೇಕು. ಉದ್ದ ಬೇರನ್ನು ಎರಡು ಅಂಗುಲ ಉಳಿಸಿ ಕತ್ತರಿಸಿದರೆ ಗಿಡಕ್ಕೆ ನೋವಾಗುತ್ತದೆಂದು ಮರುಗಬೇಡಿ. ಹಳೆಯ ಬೇರು ಹೇಗೂ ಕೊಳೆಯುವಂಥದ್ದು, ಹೊಸದು ಕತ್ತರಿಸಿದ ಕಡೆಯಿಂದ ಬೇಗ ಬರುತ್ತದೆ.

ಬುಡದಿಂದ ಎಲೆ ಒಡೆಯುವ ವ್ಯಾಲಿಸ್ನೇರಿಯ, ಕ್ರಿಪ್ಟೋಕೊರೈನ್, ಅಮೆಜಾನ್ ಸ್ವೋರ್ಡ್‌ಗಳಿಗೆ ಒಂದೇ ನಿಯಮ: ಬೇರು ಮರಳಿನೊಳಗೆ, ಸುಳಿ ಮರಳಿನ ಮೇಲೆ. ತೆಂಗು ಬೆಳೆಯುವವರಿಗೆ ಸುಳಿ ಕೊಳೆತರೆ ಏನಾಗುತ್ತದೆಂದು ಹೇಳಬೇಕೇ? ಸ್ವಲ್ಪ ಆಳಕ್ಕೇ ನೆಟ್ಟು, ಆಮೇಲೆ ಬುಡದ ಬಿಳಿ ಭಾಗ ಕಾಣುವವರೆಗೆ ಮೆಲ್ಲಗೆ ಮೇಲಕ್ಕೆ ಎಳೆಯುವುದು ಅನುಭವಸ್ಥರ ವಿಧಾನ. ಹೀಗೆ ಎಳೆದಾಗ ಬೇರು ಕೆಳಮುಖವಾಗಿ ನೆಟ್ಟಗಾಗುತ್ತದೆ. ಕ್ರಿಪ್ಟೋಕೊರೈನ್‌ಗೆ ಜಾಗ ಬದಲಾದರೆ ಸಾಕು, ಎಲೆಯನ್ನೆಲ್ಲ ಕರಗಿಸಿಬಿಡುತ್ತದೆ. ಘಟ್ಟದ ತೊರೆಗಳಲ್ಲಿ ಮಳೆಗಾಲದ ಪ್ರವಾಹವನ್ನು ಬೇರಿನ ಬಲದಿಂದಲೇ ತಡೆದುಕೊಳ್ಳುವ ಜಾತಿ ಅದು. ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ, ಕಿತ್ತೆಸೆಯಬಾರದು.

ಕಾಂಡದ ಗಿಡಗಳಲ್ಲಿ ಹಿಡಿತ ಬರುವುದು ಗೆಣ್ಣಿನಿಂದ. ರೊಟಾಲ, ನೀರುಬ್ರಾಹ್ಮಿ, ಹೈಗ್ರೋಫಿಲಗಳ ಬುಡದ ಎರಡು ಮೂರು ಗೆಣ್ಣಿನ ಎಲೆಗಳನ್ನು ಚಿವುಟಿ, ಉದ್ದನೆಯ ಚಿಮಟದಲ್ಲಿ ಕಾಂಡದ ತುದಿ ಹಿಡಿದು, ಓರೆಯಾಗಿ ಮರಳಿಗೆ ಇಳಿಸಿ, ಚಿಮಟವನ್ನು ಅಲುಗಿಸುತ್ತ ಹೊರತೆಗೆಯಬೇಕು. ನೇರವಾಗಿ ಚುಚ್ಚಿದ ಕಡ್ಡಿ ನೇರವಾಗಿಯೇ ಎದ್ದು ಬರುತ್ತದೆ, ಓರೆಗೆ ಮೇಲಿನ ಮರಳಿನ ಭಾರ ಸಿಗುತ್ತದೆ. ಚಿವುಟದ ಎಲೆ ಮರಳಿನಡಿ ಕೊಳೆತು ಕಾಂಡವನ್ನೂ ಕೊಳೆಸುತ್ತದೆ, ಜೊತೆಗೆ ತೇಲಿಸುತ್ತದೆ. ಕಟ್ಟನ್ನು ಹಾಗೇ ಒಟ್ಟಿಗೆ ನೆಡಬಾರದು. ನಡುವಿನವಕ್ಕೆ ಬೆಳಕೂ ಇಲ್ಲ, ನೀರಿನ ಓಡಾಟವೂ ಇಲ್ಲ. ಒಂದೊಂದೇ ಕಡ್ಡಿ, ಬೆರಳಗಲ ಬಿಟ್ಟು. ಬೇಸರದ ಕೆಲಸವೇ ಸರಿ, ಭಾನುವಾರದ ಒಂದು ಬೆಳಗ್ಗೆ ಪೂರ್ತಿ ಬೇಕು. ಅಪೊನೊಜೆಟನ್, ತಾವರೆ ಜಾತಿಯ ಗೆಡ್ಡೆಗಳನ್ನು ಅರ್ಧ ಹುಗಿದು ಅರ್ಧ ಹೊರಗೆ ಬಿಡಬೇಕು.

ಬೇರೇ ಇಲ್ಲದವುಗಳ ಮಾತು ಬೇಗ ಮುಗಿಯುತ್ತದೆ. ಸೆರಟೋಫಿಲಮ್‌ಗೆ ಬೇರು ಬರುವುದೇ ಇಲ್ಲ, ಹುಗಿದ ಭಾಗ ಕೊಳೆಯುತ್ತದೆ. ತೇಲಲು ಬಿಡಿ, ಇಲ್ಲವೇ ಕಲ್ಲಿಗೆ ಕಟ್ಟಿ ಮುಳುಗಿಸಿ.

ಜನ ಹೆಚ್ಚು ಎಡವುವುದು ಬಂಡೆಗೆ ಕಚ್ಚಿ ಬೆಳೆಯುವ ಗುಂಪಿನಲ್ಲಿ. ಪಶ್ಚಿಮ ಆಫ್ರಿಕದ ಅನ್ಯೂಬಿಯಾಸ್, ಆಗ್ನೇಯ ಏಷ್ಯಾದ ಜಾವಾ ಫರ್ನ್, ಬೋರ್ನಿಯೊದ ಬ್ಯೂಸೆಫಲಾಂಡ್ರ ಇವು ಅಡ್ಡವಾಗಿ ಹರಿಯುವ ಬೇರುಕಾಂಡದಿಂದ ಎಲೆ ಬಿಡುತ್ತವೆ. ಶುಂಠಿ, ಅರಿಸಿನದ್ದೂ ಬೇರುಕಾಂಡವೇ. ಶುಂಠಿಯನ್ನು ಹೂಳುವ ಅಭ್ಯಾಸದಿಂದಲೋ ಏನೋ ಇದನ್ನೂ ಹೂಳುತ್ತೇವೆ, ತಿಂಗಳಲ್ಲಿ ಮೆತ್ತಗಾಗಿ ಎಲೆ ಒಂದೊಂದೇ ಕಳಚುತ್ತದೆ. ಇದನ್ನು ಕಟ್ಟಬೇಕು ಇಲ್ಲವೇ ಅಂಟಿಸಬೇ­ಕು. ಕಟ್ಟಲು ಹತ್ತಿ ದಾರ ಸಾಕು: ದಾರ ಕೆಲವು ವಾರಗಳಲ್ಲಿ ಕೊಳೆತು ಬೀಳುತ್ತದೆ, ಅಷ್ಟರಲ್ಲಿ ಬೇರು ಕಲ್ಲನ್ನು ಕಚ್ಚಿರುತ್ತದೆ. ನಿಧಾನವಾಗಿ ಬೆಳೆಯುವ ಅನ್ಯೂಬಿಯಾಸ್‌ಗೆ ಗಾಳಕ್ಕೆ ಬಳಸುವ ನೈಲಾನ್ ದಾರವೇ ವಾಸಿ. ಅಂಟಿಸುವವರಿಗೆ ಫೆವಿಕ್ವಿಕ್ ಬಗೆಯ ಅಂಟು ಸಾಕು: ಅದು ನೀರು ತಾಗಿದ ಕೂಡಲೇ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಮೀನಿಗೆ ತೊಂದರೆಯಿಲ್ಲ. ಕಲ್ಲಿನ ಮೇಲೆ ಒಂದು ಹನಿ, ಅದರ ಮೇಲೆ ಬೇರು, ಎಣಿಸಿದಂತೆ ಅರ್ಧ ನಿಮಿಷ ಒತ್ತಿ ಹಿಡಿಯುವುದು. ಬೇರುಕಾಂಡಕ್ಕೆ ಮೆತ್ತದೆ ಬೇರಿಗೆ ಮಾತ್ರ ಅಂಟಿಸಿದರೆ ಒಳ್ಳೆಯದು. ಈ ಅಂಟನ್ನು ಹತ್ತಿಬಟ್ಟೆಗೆ, ಹತ್ತಿಗೆ ತಾಗಿಸಬಾರದು. ಥಟ್ಟನೆ ಕಾದು ಹೊಗೆಯಾಡುತ್ತದೆ, ಕೈ ಸುಡುತ್ತದೆ.

ತೆಂಗಿನ ಸೀಮೆಯವರು ಕಲ್ಲನ್ನೇ ಹುಡುಕಬೇಕಿಲ್ಲ. ಅರ್ಧ ಕರಟದ ಅಂಚಿನಲ್ಲಿ ಒಂದು ಬಾಗಿಲು ಕೊರೆದು, ಎರಡು ಮೂರು ಸಲ ಕುದಿಸಿ, ನೀರಿಗೆ ಬಿಡುವ ಕಂದು ಬಣ್ಣ ತಗ್ಗಿದ ಮೇಲೆ ಬೋರಲು ಹಾಕಿದರೆ ಮೀನಿಗೆ ಗುಹೆ, ಗಿಡಕ್ಕೆ ನೆಲ. ಹೊರಮೈಯ ನಾರನ್ನು ಪೂರ್ತಿ ಹೆರೆಯದೆ ಬಿಟ್ಟರೆ ಜಾವಾ ಮಾಸ್ ಅದರೊಳಗೆ ತಾನೇ ಹೊಕ್ಕು ಹಿಡಿದುಕೊಳ್ಳುತ್ತದೆ. ಮರದ ಬೇರು ಇಡುವುದಾದರೆ ಒಣಗಿದ ಕಾಫಿ ಬೇರು ಅಂಗಡಿಗಳಲ್ಲಿ ಸಿಗುತ್ತದೆ. ಹಸಿಮರ ಮಾತ್ರ ಬೇಡ, ಕೊಳೆಯುತ್ತದೆ.

ನೆಟ್ಟು ಮುಗಿದ ಮೇಲೆ ಕೆಡಿಸುವುದು ನೀರು ತುಂಬಿಸುವ ಆತುರ. ತಳದ ಮೇಲೆ ಒಂದು ತಟ್ಟೆ ಇಟ್ಟು ತಟ್ಟೆಯ ಮೇಲೆ ನೀರು ಬೀಳುವಂತೆ ಸಣ್ಣಗೆ ಬಿಡಬೇಕು. ಗೋಡು ಒಮ್ಮೆ ಮೇಲೆದ್ದರೆ ತಿಳಿಯಾಗಲು ದಿನಗಟ್ಟಲೆ ಬೇಕು. ಬೋರ್‌ವೆಲ್ ನೀರಿಗೆ ಕ್ಲೋರಿನ್ ಇಲ್ಲದಿರುವುದು ಹಳ್ಳಿಯವರ ಅನುಕೂಲ. ಬುಗುಡನಹಳ್ಳಿಯಲ್ಲಿ ಶುದ್ಧಿಯಾಗಿ ಬರುವ ಹೇಮಾವತಿ ನೀರು ಕುಡಿಯುವ ತುಮಕೂರು ನಗರದವರು ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಬಳಸಬೇಕು. ಘಟ್ಟದಿಂದ ಇಳಿದು ಬರುವ ಆ ನೀರು ಬೋರ್‌ವೆಲ್‌ನಷ್ಟು ಗಡಸಲ್ಲ ಎಂಬುದು ಅವರಿಗೆ ಸಿಗುವ ಲಾಭ. ಗಡಸು ನೀರು ಒಗ್ಗದ ರೊಟಾಲದಂಥ ಕೆಂಪು ಗಿಡಗಳನ್ನು ಹಳ್ಳಿಯಲ್ಲಿ ಬೆಳೆಸಬೇಕೆನ್ನುವವರಿಗೂ ದಾರಿ ಇದೆ. ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ನೀರನ್ನು ಬೋರ್‌ವೆಲ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಹದವಾಗುತ್ತದೆ. ಘಟಕದ ನೀರೊಂದನ್ನೇ ಹಾಕಬಾರದು, ಅದರಲ್ಲಿ ಗಿಡಕ್ಕೆ ಬೇಕಾದ ಸುಣ್ಣ, ಮೆಗ್ನೀಸಿಯಂ ಉಳಿದಿರುವುದಿಲ್ಲ.

ಮೀನು ಬಿಡಲು ಮೂರು ನಾಲ್ಕು ವಾರ ತಡೆಯಿರಿ, ದೀಪ ದಿನಕ್ಕೆ ಆರೇಳು ಗಂಟೆ ಸಾಕು. ಚಿನ್ನದ ಮೀನು ತಳ ಕೆದಕಿ ನೆಟ್ಟದ್ದನ್ನೆಲ್ಲ ಎಬ್ಬಿಸುತ್ತದೆ. ಅದನ್ನೇ ಸಾಕುವುದಿದ್ದರೆ ಕಲ್ಲಿಗೆ ಕಟ್ಟಿದ ಅನ್ಯೂಬಿಯಾಸ್ ಬಿಟ್ಟು ಬೇರೆ ಆಸೆ ಬೇಡ. ಗಡಸು ನೀರಿಗೂ ಗಿಡಕ್ಕೂ ಹೊಂದುವ ಮೀನು ಗಪ್ಪಿ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ತೊಟ್ಟಿಗಳಲ್ಲಿ ಸಾಕುವುದೂ ಇದನ್ನೇ.

ಕೆರೆಗೆ ಬೇಡ

ಚೆನ್ನಾಗಿ ಬೇರು ಕಚ್ಚಿದ ತೊಟ್ಟಿಯ ಸಮಸ್ಯೆ ಬೇರೆ: ಗಿಡ ಹೆಚ್ಚಾಗುತ್ತದೆ. ಎರಡು ವಾರಕ್ಕೊಮ್ಮೆ ಕತ್ತರಿಸಿದ್ದನ್ನು ಎಲ್ಲಿ ಹಾಕುವುದು? ಪಾಪ, ಜೀವ ಇರುವಂಥದ್ದು ಎಂದು ಕೆರೆಗೆ ಬಿಡುವವರಿದ್ದಾರೆ.

ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲಿ ಸಾಧು. ಹುಲ್ಲುಗೆಂಡೆ ತಿನ್ನುತ್ತದೆ, ಬೇಸಿಗೆ ಒಣಗಿಸುತ್ತದೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಿಗಳ ಮೂಲಕ ಶ್ರೀಲಂಕಾದಿಂದ ಫ್ಲಾರಿಡಾ ಸೇರಿ ಅಲ್ಲಿನ ಕಾಲುವೆಗೆ ಬಿದ್ದ ಅದೇ ಗಿಡ ದೋಣಿ ಓಡದಂತೆ ಸರೋವರಗಳನ್ನು ಮುಚ್ಚಿತು. ಒಂದು ಗೆಣ್ಣಿನ ತುಂಡು ಸಿಕ್ಕರೂ ಚಿಗುರುತ್ತದೆ, ಕೆಸರಿನಲ್ಲಿ ಬಿಟ್ಟ ಗೆಡ್ಡೆ ವರ್ಷಗಟ್ಟಲೆ ಕಾಯುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡಲು ಆ ರಾಜ್ಯ ಈಗಲೂ ಪ್ರತಿವರ್ಷ ಕೋಟಿಗಟ್ಟಲೆ ಹಣ ಸುರಿಯುತ್ತಿದೆ. ನಮ್ಮ ಕಡೆಗೆ ಬಂದ ದಕ್ಷಿಣ ಅಮೆರಿಕದ ಸಾಲ್ವೀನಿಯದ್ದೂ ಇದೇ ಪಾಡು. ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿದ ಅದನ್ನು ತಿನ್ನಲು ಆಸ್ಟ್ರೇಲಿಯದಿಂದ ಒಂದು ಪುಟ್ಟ ಮೂತಿಹುಳವನ್ನು ತರಿಸಬೇಕಾಯಿತು. 1980ರ ದಶಕದ ಆರಂಭದಲ್ಲಿ ಅದನ್ನು ಮೊದಲು ಬಿಟ್ಟು ಪರೀಕ್ಷಿಸಿದ್ದು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ. ವರ್ಷದೊಳಗೆ ಸಾಲ್ವೀನಿಯ ಮುಳುಗಿ, ಅಡಿಯಲ್ಲಿ ಉಸಿರುಗಟ್ಟಿದ್ದ ನೈದಿಲೆ ಮೇಲೆ ಬಂತು. 2020ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯ ಕಾಲುವೆ ಗುಲಾಬಿ ಹೂವಿನಿಂದ ತುಂಬಿದಾಗ ಫೋಟೊ ತೆಗೆಯಲು ಜನ ಮುಗಿಬಿದ್ದರು. ಅದು ಕಬೊಂಬ, ದಕ್ಷಿಣ ಅಮೆರಿಕದ ಅಕ್ವೇರಿಯಂ ಗಿಡ. ಹುಳ ಬಿಟ್ಟು ಗೆಲ್ಲುವ ಅದೃಷ್ಟ ಎಲ್ಲ ಗಿಡದ ವಿಷಯದಲ್ಲೂ ಇರುವುದಿಲ್ಲ.

ಹೆಬ್ಬೂರು, ಗೂಳೂರು ಹೋಬಳಿಗಳ ಕೆರೆಗಳಿಗೆ ಈಗ ಏತ ನೀರಾವರಿಯಿಂದ ಹೇಮಾವತಿ ನೀರು ಹರಿಯುತ್ತಿದೆ. ಹಿಂದೆ ಬೇಸಿಗೆಯಲ್ಲಿ ಬತ್ತಿ ಕಳೆಯನ್ನು ಕೊಲ್ಲುತ್ತಿದ್ದ ಕೆರೆಯಲ್ಲಿ ನೀರು ನಿಂತರೆ ಹೊರಗಿನ ಗಿಡಕ್ಕೂ ಆಸರೆಯಾಗುತ್ತದೆ, ಒಂದು ಕೆರೆಯ ಕೋಡಿ ಹರಿದರೆ ಅದರ ತುಂಡುಗಳು ಕೆಳಗಿನ ಕೆರೆಗೆ ಹೋಗುತ್ತವೆ. ತೊಟ್ಟಿಯಿಂದ ತೆಗೆದ ಗಿಡವನ್ನು ಕೆರೆಗೆ, ಕಾಲುವೆಗೆ, ಚರಂಡಿಗೆ ಹಾಕಬೇಡಿ. ತೊಟ್ಟಿ ತೊಳೆದ ನೀರನ್ನು ತೆಂಗಿನ ಬುಡಕ್ಕೆ ಸುರಿಯಿರಿ, ಕತ್ತರಿಸಿದ ಗಿಡವನ್ನು ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ತಿಪ್ಪೆಗೆ ಹಾಕಿ. ಹೆಚ್ಚಾದದ್ದನ್ನು ಕೊಡಲೇಬೇಕೆನಿಸಿದರೆ ಪಕ್ಕದ ಮನೆಯ ಪ್ಲಾಸ್ಟಿಕ್ ಗಿಡದ ತೊಟ್ಟಿಯವರಿಗೆ ಕೊಡಿ, ಕೊಡುವಾಗ ಅದನ್ನು ಹೂಳುವುದೋ ಕಟ್ಟುವುದೋ ಎಂಬುದನ್ನೂ ಹೇಳಿ.